ನಿವೃತ್ತಿಯ ಮೊದಲ ವರ್ಷ: ನೆನಪಿಲ್ಲದ ಟೂರು, ಒಣಗಿದ ಕುಂಡ, ಕದ್ದ ನಿದ್ದೆ

ಪ್ರಶ್ನೆ: ನನಗೆ 61 ವರ್ಷ. ದಾವಣಗೆರೆಯಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದೆ, ಸಮಾಜ ವಿಜ್ಞಾನ ಹೇಳುತ್ತಿದ್ದೆ. ಕಳೆದ ವರ್ಷ ಮೇ ತಿಂಗಳಲ್ಲಿ ರಿಟೈರ್ ಆದೆ. ದೀಪಾವಳಿ ಆದಮೇಲೆ ಮಕ್ಕಳು ನಮ್ಮಿಬ್ಬರನ್ನೂ 11 ದಿನದ ಪ್ಯಾಕೇಜ್ ಟೂರಿಗೆ ಕಳಿಸಿದರು. ಕಾಶಿ, ಪ್ರಯಾಗ, ಅಯೋಧ್ಯೆ, ಹರಿದ್ವಾರ, ಹೃಷಿಕೇಶ, ಮಥುರಾ, ಆಗ್ರಾ, ದೆಹಲಿ. ವಾಪಸ್ ಬಂದು ಒಂದು ವಾರ ಸುಸ್ತಾಗಿ ಮಲಗಿದ್ದೆ. ಈಗ ಫೋಟೊ ನೋಡಿದರೆ ಯಾವುದು ಯಾವ ಊರು ಅಂತಲೇ ಗೊತ್ತಾಗುವುದಿಲ್ಲ. ಮಾರ್ಚ್‌ನಲ್ಲಿ ತಾರಸಿ ಮೇಲೆ ಕೈತೋಟ ಮಾಡೋಣ ಅಂತ 20 ಕುಂಡ ತಂದೆ. ಅರ್ಧಕ್ಕಿಂತ ಜಾಸ್ತಿ ಒಣಗಿಹೋದವು. ಮಧ್ಯಾಹ್ನ ಸ್ವಲ್ಪ ಮಲಗಿದರೆ ಏನೋ ಕದ್ದ ಹಾಗೆ ಅನಿಸುತ್ತದೆ. ನಮ್ಮ ಮನೆಯವರು ನಾಲ್ಕು ವರ್ಷದ ಹಿಂದೆಯೇ ರಿಟೈರ್ ಆದವರು. ಪೇಪರು, ವಾಕಿಂಗು, ಟಿವಿ ಅಂತ ಆರಾಮಾಗಿದ್ದಾರೆ. ನನಗೆ ಮಾತ್ರ ಬೆಳಗಾದರೆ ಇವತ್ತು ಯಾಕಪ್ಪಾ ಅನಿಸುತ್ತದೆ. ಈಗ ಮಗಳು ಜನವರಿಗೆ ರಾಜಸ್ಥಾನ ಟೂರ್ ಬುಕ್ ಮಾಡುತ್ತೇನೆ ಅನ್ನುತ್ತಿದ್ದಾಳೆ. ಬೇಡ ಅನ್ನಲಾ? ಎಲ್ಲ ಇದ್ದೂ ಹೀಗೆ ಅನಿಸುವುದು ತಪ್ಪಾ?

ಉತ್ತರ: ನಮಸ್ಕಾರ ಮೇಡಂ. ತಪ್ಪಲ್ಲ. ನನ್ನ ಹತ್ತಿರ ಬರುವ ನಿವೃತ್ತರಲ್ಲಿ ಬಹಳ ಜನ ಇದೇ ಮಾತನ್ನು ಹೇಳುತ್ತಾರೆ, ಅದರಲ್ಲೂ ಮೊದಲ ವರ್ಷ. ಹೇಳುವಾಗ ದನಿ ತಗ್ಗಿಸಿ ಹೇಳುತ್ತಾರೆ. ಪೆನ್ಷನ್ ಬರುತ್ತಿದೆ, ಮಕ್ಕಳು ಚೆನ್ನಾಗಿದ್ದಾರೆ, ಇನ್ನೂ ಏನು ಕೊರಗು ಅಂತ ಯಾರಾದರೂ ಅಂದುಬಿಟ್ಟರೆ ಅನ್ನುವ ಭಯ. ನೀವು ನೇರವಾಗಿ ಬರೆದಿದ್ದೀರಿ, ಅದಕ್ಕೆ ನಾನೂ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಆರೋಗ್ಯದ ಒಂದು ಮಾತು. ‘ಇವತ್ತು ಯಾಕಪ್ಪಾ’ ಅನ್ನುವುದು ಆಗಾಗ ಬಂದು ಹೋಗುತ್ತಿದ್ದರೆ ಅದು ಬದಲಾವಣೆಯ ಸಂಕಟ. ಎರಡು ವಾರಕ್ಕೂ ಜಾಸ್ತಿ ದಿನವಿಡೀ ಹಾಗೇ ಇದ್ದರೆ, ಊಟ ರುಚಿಸದಿದ್ದರೆ, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಮೊಮ್ಮಕ್ಕಳ ಫೋನ್ ಬಂದರೂ ಎತ್ತಬೇಕು ಅನಿಸದಿದ್ದರೆ, ಅದು ಖಿನ್ನತೆ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ಡಾಕ್ಟರ ಹತ್ತಿರ ಹೋಗಿ ಥೈರಾಯ್ಡ್, ಬಿ12, ಸಕ್ಕರೆ ಮೂರನ್ನೂ ಪರೀಕ್ಷೆ ಮಾಡಿಸಿ. ಈ ವಯಸ್ಸಿನ ಹೆಂಗಸರಲ್ಲಿ ಥೈರಾಯ್ಡ್ ಅಥವಾ ಬಿ12 ಕಡಿಮೆ ಆಗಿದ್ದರೂ ಇಂಥದೇ ಸುಸ್ತು, ಬೇಸರ ಬರುತ್ತದೆ. ಮನೆಯಲ್ಲಿ ಯಾರಿಗೂ ಹೇಳಲು ಮನಸ್ಸಿಲ್ಲ ಅಂದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮುಂದೆ ನಾನು ಹೇಳುವುದು ಯಾವುದೂ ಇದರ ಬದಲಿಗೆ ಅಲ್ಲ.

ಇನ್ನು ವಿಷಯಕ್ಕೆ ಬರೋಣ. ಟೂರು, ಕುಂಡ, ನಿದ್ದೆ ಅಂತ ಮೂರು ಬೇಸರ ಬರೆದಿದ್ದೀರಿ. ಮೂರರಲ್ಲೂ ನನಗೆ ಕಾಣುವುದು ಒಂದೇ: ಯಾವುದರ ಜೊತೆಗೂ ಪರಿಚಯ ಬೆಳೆಯುವಷ್ಟು ಹೊತ್ತು ನಿಮಗೆ ಸಿಕ್ಕಿಲ್ಲ. ಹನ್ನೊಂದು ದಿನಕ್ಕೆ ಎಂಟು ಊರು. ಒಂದೇ ಸಲಕ್ಕೆ ಇಪ್ಪತ್ತು ಗಿಡ. ನಿದ್ದೆ ಮಾಡುವಾಗಲೂ ಯಾರಾದರೂ ನೋಡಿಯಾರು ಅನ್ನುವ ಅಳುಕು. ಶಾಲೆಯಲ್ಲಿ ನಿಮ್ಮ ಕೆಲಸಕ್ಕೆ ಅರ್ಥ ಹೇಗೆ ಬಂತು ನೆನಪಿಸಿಕೊಳ್ಳಿ. ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಬಂದ ಮಕ್ಕಳ ಹೆಸರೂ ನಿಮಗೆ ಗೊತ್ತಿರಲಿಲ್ಲ. ಆಗಸ್ಟ್ ಹೊತ್ತಿಗೆ ಯಾರು ನಕಾಶೆ ಚೆನ್ನಾಗಿ ಬಿಡಿಸುತ್ತಾರೆ, ಯಾರು ಬೆಳಿಗ್ಗೆ ತಿಂಡಿ ತಿನ್ನದೆ ಬರುತ್ತಾರೆ ಅಂತ ಗೊತ್ತಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವಾಗ ಅವರು ನಿಮ್ಮ ಮಕ್ಕಳೇ ಆಗಿದ್ದರು. ಮೂರು ವರ್ಷ ದಿನಾ ಅದೇ ಮುಖಗಳು, ಅದೇ ಬೆಂಚು. ಅಷ್ಟು ಹೊತ್ತು ಕೊಟ್ಟಿದ್ದಕ್ಕೇ ಆ ಪ್ರೀತಿ ಬೆಳೆಯಿತು, ಅಲ್ವಾ?

ನಿವೃತ್ತಿಯಲ್ಲಿ ಹೋಗಿದ್ದು ಅದು. ಹೊತ್ತು ಈಗ ಬೇಕಾದಷ್ಟಿದೆ. ಆದರೆ ಆ ಹೊತ್ತಿನಲ್ಲಿ ನಿಮ್ಮನ್ನು ಕಾಯುವವರು ಇಲ್ಲ. ಹೊಸದಾಗಿ ಯಾವುದನ್ನಾದರೂ ನಿಧಾನವಾಗಿ ಪರಿಚಯ ಮಾಡಿಕೊಳ್ಳಬೇಕು. ಊರು, ಗಿಡ, ವಿಶ್ರಾಂತಿ ಮೂರೂ ಅದಕ್ಕೆ ಒಳ್ಳೆಯ ದಾರಿಗಳೇ. ನೀವು ಆರಿಸಿದ್ದು ಸರಿಯಾಗಿಯೇ ಇದೆ, ಅಳತೆ ಮಾತ್ರ ಜಾಸ್ತಿ ಆಯಿತು.

ಟೂರಿನಿಂದ ಶುರು ಮಾಡುತ್ತೇನೆ. ಕಾಶಿ ನೆನಪಿಲ್ಲದಿರುವುದು ವಯಸ್ಸಿನ ಮರೆವು ಅಂತ ಹೆದರಬೇಡಿ. ಪ್ಯಾಕೇಜಿನ ದಿನಚರಿ ನೋಡಿ. ಬೆಳಿಗ್ಗೆ ನಾಲ್ಕಕ್ಕೆ ಏಳು, ಐದಕ್ಕೆ ಬಸ್ಸು, ಕ್ಯೂ, ಕೆಲವು ಸೆಕೆಂಡ್ ದರ್ಶನ, ಊಟ, ಮತ್ತೆ ಬಸ್ಸು, ರಾತ್ರಿ ಹೊಸ ಲಾಡ್ಜು. ನೆನಪು ಗಟ್ಟಿಯಾಗುವುದಕ್ಕೆ ನಿದ್ದೆ ಬೇಕು, ಅದೇ ಜಾಗವನ್ನು ಮತ್ತೊಮ್ಮೆ ನೋಡುವುದು ಬೇಕು. ಪಾಠವನ್ನು ಒಂದು ಸಲ ಓದಿಬಿಟ್ಟರೆ ಯಾವ ಮಗುವಿಗೂ ಪರೀಕ್ಷೆಯಲ್ಲಿ ನೆನಪಿರುವುದಿಲ್ಲ ಅನ್ನುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಯಾತ್ರೆಯ ಪುಣ್ಯದ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಕಾಶಿಗೆ ಹೋಗಬೇಕು ಅನ್ನುವ ಆಸೆ ದೊಡ್ಡದು, ಅದು ತೀರಿತು, ಒಳ್ಳೆಯದೇ ಆಯಿತು. ಮುಂದಿನ ಪ್ರಯಾಣ ಬೇರೆ ಥರ ಇರಲಿ.

ಅದಕ್ಕೆ ದೂರ ಹೋಗಬೇಕಾಗಿಲ್ಲ. ನಿಮ್ಮ ಊರಿನ ಪಕ್ಕದಲ್ಲೇ ತುಂಗಭದ್ರೆ ಇದೆ. ಈ ಒಂದು ವರ್ಷ ನೀವು ಆ ಹೊಳೆಯನ್ನೇ ಹಿಡಿದು ಹೋಗಿ ಅನ್ನುವುದು ನನ್ನ ಸಲಹೆ. ಟೂರಿಗೆ ಹೊರಟ ಹಾಗೆ ಅಲ್ಲ. ಒಂದು ಸಲಕ್ಕೆ ಒಂದೇ ಜಾಗ, ಹೋದ ಜಾಗಕ್ಕೆ ಮತ್ತೆ ಹೋಗುವುದು.

ಮೊದಲು ಹರಿಹರ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ಅಷ್ಟೇ. ಹೊಯ್ಸಳರ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿ ಅಲ್ಲಿದೆ ಅಂತ ನೀವು ಎಷ್ಟೋ ಮಕ್ಕಳಿಗೆ ಹೇಳಿರುತ್ತೀರಿ. ಆದರೆ ಆ ಗುಡಿಯಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಯಾವತ್ತಾದರೂ ಕೂತಿದ್ದೀರಾ? ಮಂಗಳಾರತಿ ಆಯಿತು, ತೀರ್ಥ ಆಯಿತು, ಹೊರಟೆವು ಅಂತಲೇ ಇರುತ್ತದೆ. ಈ ಸಲ ಹಾಗೆ ಮಾಡಬೇಡಿ. ಬೆಳಿಗ್ಗೆ ಹೋಗಿ ಮಂಟಪದ ಒಂದು ಕಂಬದ ಪಕ್ಕ ಕೂತುಬಿಡಿ. ತಿರುಗಣೆಯಲ್ಲಿ ಕಡೆದ ಹಾಗೆ ನುಣುಪಾದ ಕಂಬಗಳು. ಬಿಸಿಲು ಒಳಗೆ ಬರುತ್ತಾ ಬರುತ್ತಾ ಒಂದೊಂದೇ ಕಂಬ ಹೊಳೆಯುತ್ತದೆ. ಆವರಣದಲ್ಲಿ ಶಾಸನದ ಕಲ್ಲುಗಳಿವೆ. ಎಲ್ಲ ಓದಲು ಹೋಗಬೇಡಿ, ಹಳಗನ್ನಡದ ಅಕ್ಷರ ನಾಲ್ಕು ಗುರುತು ಸಿಕ್ಕರೂ ಸಾಕು. ಆಮೇಲೆ ಹೊಳೆಯ ಕಡೆ ಹೋಗಿ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದುಬಿಡಬಹುದು.

ಮುಂದಿನ ವಾರ ಮತ್ತೆ ಅಲ್ಲಿಗೇ ಹೋಗಿ. ಮಗಳು ‘ನೋಡಿದ್ದನ್ನೇ ಏನು ನೋಡ್ತೀಯಮ್ಮ?’ ಅನ್ನಬಹುದು. ಎರಡನೇ ಸಲ ಹೋದಾಗ ಹೂ ಮಾರುವ ಅಮ್ಮ ನಿಮ್ಮ ಮುಖ ಗುರುತು ಹಿಡಿಯುತ್ತಾರೆ. ಮೂರನೇ ಸಲಕ್ಕೆ ‘ಯಾವ ಊರಮ್ಮ ನಿಮ್ಮದು?’ ಅಂತ ಕೇಳುತ್ತಾರೆ. ಆಮೇಲೆ ಅವರ ಮಗನ ಕಥೆ, ಈ ವರ್ಷ ಸೇವಂತಿಗೆಗೆ ರೇಟು ಬಿದ್ದ ಕಥೆ. ಅಲ್ಲಿಂದ ಹರಿಹರ ಬರೀ ಪಾಠದ ಹೆಸರಾಗಿ ಉಳಿಯುವುದಿಲ್ಲ, ನಿಮಗೆ ಪರಿಚಯದವರು ಇರುವ ಊರಾಗುತ್ತದೆ.

ಆಮೇಲೆ ಹೊಳೆಯ ಮೇಲ್ಗಡೆ ಹೋಗಿ, ಕೂಡಲಿಗೆ. ಶಿವಮೊಗ್ಗದಿಂದ ಸುಮಾರು ಹದಿನೈದು ಕಿಲೋಮೀಟರ್. ತುಂಗೆಯೂ ಭದ್ರೆಯೂ ಗಂಗಾಮೂಲದ ಒಂದೇ ಬೆಟ್ಟದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಇಲ್ಲಿ ಬಂದು ಸೇರುತ್ತವೆ. ‘ತುಂಗಾ ಪಾನ, ಗಂಗಾ ಸ್ನಾನ’ ಅನ್ನುವ ಮಾತು ಕೇಳಿಯೇ ಇರುತ್ತೀರಿ. ಸಂಗಮದ ಹತ್ತಿರ ಹೊಯ್ಸಳರ ಕಾಲದ ರಾಮೇಶ್ವರ ಗುಡಿ ಇದೆ. ಇಲ್ಲಿಗೆ ಎರಡು ಸಲ ಹೋಗಲೇಬೇಕು: ಒಮ್ಮೆ ಆಗಸ್ಟ್‌ನಲ್ಲಿ ಕೆಂಪು ನೀರು ತುಂಬಿ ಹರಿಯುವಾಗ ದೂರದಿಂದ ನೋಡಲು, ಇನ್ನೊಮ್ಮೆ ಡಿಸೆಂಬರ್–ಜನವರಿಯಲ್ಲಿ ನೀರು ಇಳಿದು ತಿಳಿಯಾದಾಗ ದಡದಲ್ಲಿ ಕೂರಲು. ಎರಡನ್ನೂ ನೋಡಿದವರಿಗೆ ಮಾತ್ರ ಆ ಜಾಗ ಗೊತ್ತು ಅನ್ನಬಹುದು. ಒಂದು ರಾತ್ರಿಯಲ್ಲ, ಮೂರು ರಾತ್ರಿ ಶಿವಮೊಗ್ಗದಲ್ಲಿ ಉಳಿದುಕೊಂಡು ದಿನಾ ಬೆಳಿಗ್ಗೆ ಹೋಗಿ ಬನ್ನಿ. ಮಳೆಗಾಲದಲ್ಲಿ ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ, ನೀರಿನ ಹತ್ತಿರ ಇಳಿಯಬೇಡಿ.

ಕೆಳಗಡೆಗೆ ಹೋದರೆ ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ. ಅಂಬಿಗರ ಚೌಡಯ್ಯನ ಹೆಸರಿನ ಊರು. ಹೊಳೆಯ ದಡದಲ್ಲೇ ಮುಕ್ತೇಶ್ವರ ಗುಡಿ. ವಚನಕಾರರಲ್ಲಿ ಅಷ್ಟು ಖಡಕ್ಕಾಗಿ ಮಾತಾಡಿದವನು ಇನ್ನೊಬ್ಬನಿಲ್ಲ ಅಂತ ನನಗೆ ಅನಿಸುತ್ತದೆ. ಅವನ ವಚನಗಳನ್ನು ಮನೆಯಲ್ಲಿ ಓದುವುದಕ್ಕೂ ಆ ದಡದಲ್ಲಿ ಕೂತು ಓದುವುದಕ್ಕೂ ಬಹಳ ವ್ಯತ್ಯಾಸ ಇದೆ. ಇನ್ನೂ ಕೆಳಗೆ ಹೋದರೆ ಗಳಗನಾಥ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿ ಬನವಾಸಿಯನ್ನು ಸುತ್ತಿ ಬರುವ ವರದಾ ನದಿ ಇಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ ಇದೆ, ಜನರ ಗದ್ದಲ ಕಡಿಮೆ. ಈ ಕಡೆ ಬಸ್ಸು ಕಡಿಮೆ ಇರಬಹುದು, ವಾಪಸ್ ಬರುವ ಹೊತ್ತು ಮೊದಲೇ ವಿಚಾರಿಸಿಕೊಳ್ಳಿ. ಇಷ್ಟಕ್ಕೆ ಒಂದು ವರ್ಷ ಸಾಕಾಗುತ್ತದೆ. ಉಳಿದರೆ ಮುಂದಿನ ಚಳಿಗಾಲಕ್ಕೆ ಆನೆಗೊಂದಿಯಲ್ಲಿ ನಾಲ್ಕು ದಿನ. ಹಂಪಿಯನ್ನು ಒಂದೇ ದಿನ ಆಟೊದಲ್ಲಿ ಸುತ್ತಿ ಬರುವುದಕ್ಕಿಂತ ಹೊಳೆಯ ಆಚೆ ದಡದಿಂದ ನಿಧಾನವಾಗಿ ನೋಡುವುದು ಎಷ್ಟೋ ಮೇಲು.

ಖರ್ಚಿನ ಚಿಂತೆ ಅಷ್ಟೇನಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ನಿಮ್ಮ ಮನೆಯವರಿಗೆ 60 ದಾಟಿರುವುದರಿಂದ ಶೇಕಡಾ 25 ರಿಯಾಯಿತಿ ಸಿಗುತ್ತದೆ. ಆಧಾರ್ ಕಾರ್ಡ್ ಇಟ್ಟುಕೊಂಡಿರಿ. ಬಿಪಿ ಮಾತ್ರೆ, ನೀರು, ಹಗುರ ಚೀಲ, ಜಾರದ ಚಪ್ಪಲಿ ಇದ್ದರೆ ಸಾಕು. ಒಬ್ಬರೇ ಹೋಗಬೇಕು ಅನಿಸಿದರೆ ಒಬ್ಬರೇ ಹೋಗಿ. ಅದರಲ್ಲಿ ತಪ್ಪೇನೂ ಇಲ್ಲ.

ಫೋಟೊ ಬಗ್ಗೆ ಒಂದು ಕೋರಿಕೆ. ಹೋದ ಕಡೆ ಎರಡೇ ಫೋಟೊ ತೆಗೆಯಿರಿ. ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಐದು ಸಾಲು ಬರೆಯಿರಿ: ಏನು ತಿಂದಿರಿ, ಯಾರ ಜೊತೆ ಮಾತಾಡಿದಿರಿ, ಹೊಳೆ ಹೇಗಿತ್ತು. ಮುಂದಿನ ವರ್ಷ ಆ ಐದು ಸಾಲು ಓದಿದರೆ ಇಡೀ ದಿನ ಎದ್ದು ಬರುತ್ತದೆ.

ಈಗ ಕುಂಡಗಳು. ಮೇಡಂ, ಮಾರ್ಚ್‌ನಲ್ಲಿ ದಾವಣಗೆರೆಯ ತಾರಸಿ ಮೇಲೆ ಇಪ್ಪತ್ತು ಗಿಡ ಬದುಕಿಸುವುದು ಅನುಭವ ಇದ್ದವರಿಗೂ ಕಷ್ಟ. ನರ್ಸರಿಯಲ್ಲಿ ಅವು ಹಸಿರು ಪರದೆಯ ನೆರಳಿನಲ್ಲಿ ಬೆಳೆದಿರುತ್ತವೆ. ತಂದ ದಿನವೇ ಕಾದ ಆರ್‌ಸಿಸಿ ಮೇಲೆ ಇಟ್ಟರೆ ಕೆಳಗಿನ ಕಾವು, ಮೇಲಿನ ಬಿಸಿಲು ಎರಡೂ ಹೊಡೆಯುತ್ತವೆ. ಪ್ಲಾಸ್ಟಿಕ್ ಕುಂಡದ ಒಳಗೆ ಬೇರು ಬೆಂದುಹೋಗುತ್ತದೆ. ಎಲೆ ಬಾಡಿತು ಅಂತ ನಾವು ಮತ್ತೆ ನೀರು ಹಾಕುತ್ತೇವೆ. ನೀರು ಜಾಸ್ತಿ ಆಗಿ ಬೇರು ಕೊಳೆತರೂ ಎಲೆ ಹಾಗೇ ಬಾಡುತ್ತದೆ, ನೀರು ಸಾಲದಿದ್ದರೂ ಹಾಗೇ ಬಾಡುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಬೆರಳನ್ನು ಎರಡು ಗೆಣ್ಣು ಮಣ್ಣಿನೊಳಗೆ ಇಳಿಸಿ ನೋಡಬೇಕು. ತೇವ ತಾಗಿದರೆ ಆ ದಿನ ನೀರು ಬೇಡ.

ಖಾಲಿ ಕುಂಡಗಳನ್ನು ಎಸೆಯಬೇಡಿ. ಮಳೆ ನಕ್ಷತ್ರಗಳು ಶುರುವಾಗುವ ಹೊತ್ತಿಗೆ ನಿಮ್ಮ ಪತ್ರ ಬಂದಿದೆ. ಮೇ 25ರ ಸುಮಾರಿಗೆ ರೋಹಿಣಿ ಹುಟ್ಟುತ್ತದೆ, ಜೂನ್ 8ರ ಸುಮಾರಿಗೆ ಮೃಗಶಿರ, ಆಮೇಲೆ ಆರಿದ್ರಾ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಅಂತ ನಿಮ್ಮ ಕಡೆ ರೈತರು ಹೇಳುವುದು ಕೇಳಿರುತ್ತೀರಿ. ಕೈತೋಟಕ್ಕೂ ಇದೇ ಸರಿಯಾದ ಕಾಲ.

ಇಪ್ಪತ್ತು ಬೇಡ, ಮೂರು ಗಿಡ ಸಾಕು. ಮೆಂತ್ಯ, ಬಸಳೆ, ಕರಿಬೇವು. ಇವನ್ನೇ ಯಾಕೆ ಅಂದರೆ ಮೂರರ ನಡಿಗೆಯೂ ಬೇರೆ ಬೇರೆ. ಮೆಂತ್ಯ ತಿಂಗಳೊಳಗೆ ಕೈಗೆ ಬರುತ್ತದೆ. ಬಸಳೆಗೆ ಒಂದೂವರೆ ಎರಡು ತಿಂಗಳು ಬೇಕು. ಕರಿಬೇವಿಗೆ ವರ್ಷಗಳೇ ಬೇಕು. ಕುಂಡದ ತಳದಲ್ಲಿ ತೂತು ಇರಲಿ. ಎರೆಮಣ್ಣು ಒಂದನ್ನೇ ತುಂಬಬೇಡಿ, ಅದು ಒಣಗಿದರೆ ಬಿರುಕು ಬಿಡುತ್ತದೆ, ನೆನೆದರೆ ಅಂಟುತ್ತದೆ. ಕೆಂಪು ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. ಕುಂಡವನ್ನು ನೇರ ತಾರಸಿ ಮೇಲೆ ಇಡದೆ ಎರಡು ಇಟ್ಟಿಗೆ ಮೇಲೆ ಇಡಿ.

ಮೆಂತ್ಯಕ್ಕೆ ಅಂಗಡಿಯ ಬೀಜವೇ ಬೇಕಾಗಿಲ್ಲ, ಅಡುಗೆಮನೆಯ ಡಬ್ಬಿಯದು ಸಾಕು. ರಾತ್ರಿ ನೆನೆಸಿ ಬೆಳಿಗ್ಗೆ ಹಾಕಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ಮೂರನೇ ನಾಲ್ಕನೇ ದಿನ ಬಗ್ಗಿ ನೋಡಿ. ಮೊಳಕೆ ಬೆನ್ನು ಬಾಗಿಸಿಕೊಂಡು ಮಣ್ಣನ್ನು ಎತ್ತುತ್ತಿರುತ್ತದೆ. ಕೆಲವು ಬೀಜದ ಸಿಪ್ಪೆಯನ್ನು ತಲೆ ಮೇಲೆ ಹೊತ್ತುಕೊಂಡೇ ಬರುತ್ತವೆ, ಎರಡು ಎಲೆ ಬಿಚ್ಚಿದಾಗ ಅದು ಕೆಳಗೆ ಬೀಳುತ್ತದೆ. ಇದನ್ನು ನಿಂತು ನೋಡಲು ಐದು ನಿಮಿಷ ಸಾಕು. ಆದರೆ ಆ ಐದು ನಿಮಿಷಕ್ಕೆ ಬೆಳಿಗ್ಗೆ ಎದ್ದು ಹೋಗಬೇಕು ಅನಿಸುತ್ತದೆ. ನಿಮ್ಮ ‘ಇವತ್ತು ಯಾಕಪ್ಪಾ’ ಅನ್ನುವ ಪ್ರಶ್ನೆಗೆ ನಾನು ಕೊಡಬಲ್ಲ ಮೊದಲ ಉತ್ತರ ಇದು.

ಬಸಳೆಯ ಕಡ್ಡಿಯನ್ನು ಕೊಳ್ಳಬೇಡಿ. ಓಣಿಯಲ್ಲಿ ಯಾರ ಮನೆಯಲ್ಲಿ ಬಳ್ಳಿ ಇದೆ ಅಂತ ನೋಡಿ, ಹೋಗಿ ಕೇಳಿ. ಒಂದು ಗೇಣು ಕಡ್ಡಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಶಾಲೆಗೆ ಹೋಗಿ ಬರುವ ಗಡಿಬಿಡಿಯಲ್ಲಿ ಪಕ್ಕದ ಮನೆಯವರ ಜೊತೆ ನಿಂತು ಮಾತಾಡಿದ್ದೇ ಕಡಿಮೆ ಇರಬಹುದು, ಕಡ್ಡಿಯ ನೆಪದಲ್ಲಿ ಅದು ಶುರುವಾಗುತ್ತದೆ. ನಿಮ್ಮ ಬಳ್ಳಿ ಹಬ್ಬಿದಾಗ ನೀವೂ ನಾಲ್ಕು ಮನೆಗೆ ಕೊಡಿ.

ಕರಿಬೇವಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಮೊದಲ ವರ್ಷ ಅದರಿಂದ ಒಗ್ಗರಣೆಗೆ ಏನೂ ಸಿಗುವುದಿಲ್ಲ, ಕೀಳಲೂಬೇಡಿ. ಮಳೆಗಾಲದಲ್ಲಿ ಒಂದು ದಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಕಂದು ಬಿಳಿ ಚುಕ್ಕೆ ಕಾಣಬಹುದು. ಹತ್ತಿರದಿಂದ ನೋಡಿದರೆ ಅದು ನಿಧಾನವಾಗಿ ಎಲೆ ಮೇಯುತ್ತಿರುತ್ತದೆ. ಅದು ಕಪ್ಪು ರೆಕ್ಕೆಯ ದೊಡ್ಡ ಚಿಟ್ಟೆಯೊಂದರ ಮರಿಹುಳ. ಹಕ್ಕಿಗಳು ತಿನ್ನದಿರಲಿ ಅಂತ ಹಿಕ್ಕೆಯ ವೇಷ. ಬೆಳೆದಂತೆ ಪೊರೆ ಕಳಚಿ ಎಲೆಯಷ್ಟೇ ಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪಗಿನ ಎರಡು ಕೊಂಬು ಹೊರಗೆ ಹಾಕುತ್ತದೆ, ಘಾಟು ವಾಸನೆ ಬರುತ್ತದೆ. ಆಮೇಲೆ ಕಡ್ಡಿಗೆ ಅಂಟಿಕೊಂಡು ಕೋಶ ಕಟ್ಟುತ್ತದೆ. ಒಂದೆರಡು ವಾರ ಕಾದರೆ ಒಂದು ಬೆಳಿಗ್ಗೆ ಚಿಟ್ಟೆ ಹೊರಗೆ ಬಂದು ಒದ್ದೆ ರೆಕ್ಕೆ ಒಣಗಿಸಿಕೊಳ್ಳುವುದನ್ನು ನೋಡಬಹುದು. ಔಷಧಿ ಹೊಡೆದುಬಿಟ್ಟರೆ ಇದು ಯಾವುದೂ ಇಲ್ಲ. ಎಲೆ ಒಂದಷ್ಟು ಹೋಗುತ್ತದೆ, ಗಿಡ ಮತ್ತೆ ಚಿಗುರುತ್ತದೆ. ಅಕ್ಕಪಕ್ಕದ ಮಕ್ಕಳನ್ನು ಕರೆದು ತೋರಿಸಿ. ಟೀಚರ್ ಅನ್ನುವುದು ಮೇ ತಿಂಗಳ ಕೊನೆಯ ದಿನ ಸಹಿ ಹಾಕಿ ಬಿಟ್ಟುಬರುವಂಥದ್ದಲ್ಲ.

ಗಿಡದ ಜವಾಬ್ದಾರಿ ಮನಸ್ಸಿಗೆ ಒಳ್ಳೆಯದು ಅನ್ನುವುದಕ್ಕೆ ಹಳೆಯ ಒಂದು ಅಧ್ಯಯನವನ್ನು ಮನಃಶಾಸ್ತ್ರದವರು ಆಗಾಗ ನೆನೆಯುತ್ತಾರೆ. ಎಲೆನ್ ಲ್ಯಾಂಗರ್, ಜುಡಿತ್ ರೋಡಿನ್ ಅನ್ನುವ ಇಬ್ಬರು 1976ರಲ್ಲಿ ಅಮೆರಿಕದ ಕನೆಟಿಕಟ್‌ನ ಒಂದು ವೃದ್ಧಾಶ್ರಮದಲ್ಲಿ ಮಾಡಿದ್ದು. ಎರಡು ಗುಂಪಿನವರಿಗೂ ಗಿಡ ಕೊಟ್ಟರು. ಒಂದು ಗುಂಪಿಗೆ ‘ನೀರು ಹಾಕಿ ನೋಡಿಕೊಳ್ಳುವುದು ನಿಮ್ಮ ಕೆಲಸ’ ಅಂದರು, ಇನ್ನೊಂದು ಗುಂಪಿಗೆ ನರ್ಸ್ ನೋಡಿಕೊಳ್ಳುತ್ತಾರೆ ಅಂದರು. ಮೊದಲ ಗುಂಪಿನವರು ಜಾಸ್ತಿ ಚುರುಕಾಗಿ, ಖುಷಿಯಾಗಿ ಕಂಡರು. ಅವರಿಗೆ ಗಿಡದ ಜೊತೆಗೆ ದಿನಚರಿಯಲ್ಲೂ ಕೆಲವು ಆಯ್ಕೆ ಬಿಟ್ಟುಕೊಟ್ಟಿದ್ದರು, ಗುಂಪುಗಳೂ ಚಿಕ್ಕವು. ಹಾಗಾಗಿ ಎಲ್ಲವೂ ಗಿಡದಿಂದಲೇ ಆಯಿತು ಅನ್ನಲಾಗದು. ನನಗೆ ಅದರಲ್ಲಿ ಮುಖ್ಯ ಅನಿಸುವುದು ಇಷ್ಟು: ಗಿಡ ಕಣ್ಣಿಗೆ ಕಾಣುವುದು ಬೇರೆ, ಅದು ನಮ್ಮನ್ನು ನಂಬಿಕೊಂಡಿರುವುದು ಬೇರೆ. ಅದಕ್ಕೇ ಕೆಲಸದವರಿಂದ ನೀರು ಹಾಕಿಸಬೇಡಿ ಅನ್ನುತ್ತೇನೆ. ಊರಿಗೆ ಹೋದಾಗ ಮಾತ್ರ ಪಕ್ಕದ ಮನೆಯವರಿಗೆ ಹೇಳಿ ಹೋಗಿ.

ಇನ್ನು ಮಧ್ಯಾಹ್ನದ ನಿದ್ದೆ. ನೀವು ಇಷ್ಟು ವರ್ಷ ಬೆಲ್ ಹೊಡೆದ ಹಾಗೆ ಬದುಕಿದವರು. ಶಾಲೆಯ ಮೊದಲು ಅಡುಗೆಮನೆ, ಶಾಲೆಯ ನಂತರ ಅಡುಗೆಮನೆ, ರಾತ್ರಿ ಉತ್ತರಪತ್ರಿಕೆ. ಖಾಲಿ ಹೊತ್ತು ಅಂದರೆ ಯಾವುದೋ ಕೆಲಸ ಮರೆತಿದ್ದೀರಿ ಅಂತಲೇ ಅರ್ಥ ಆಗಿತ್ತು. ಆ ಅಭ್ಯಾಸ ಒಂದು ವರ್ಷದಲ್ಲಿ ಹೋಗುವುದಿಲ್ಲ. ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ. ನಿಮ್ಮ ಮನೆಯವರು ಆರಾಮಾಗಿದ್ದಾರೆ ಅಂದಿರಿ. ಅವರಿಗೆ ಆಫೀಸಿನ ಕೆಲಸ ಒಂದೇ ಇತ್ತು, ಅದು ಮುಗಿಯಿತು. ನಿಮಗೆ ಎರಡು ಇದ್ದವು, ಒಂದು ಮಾತ್ರ ಮುಗಿದಿದೆ. ಮೂರು ಹೊತ್ತಿನ ಅಡುಗೆ, ಎರಡು ಹೊತ್ತಿನ ಕಾಫಿ ಇನ್ನೂ ನಿಮ್ಮ ಕೈಯಲ್ಲೇ ಇದ್ದರೆ ನೀವು ಅರ್ಧ ಮಾತ್ರ ರಿಟೈರ್ ಆದಿರಿ. ಸಂಜೆಯ ಕಾಫಿ ಇನ್ನು ಮುಂದೆ ಅವರು ಮಾಡಲಿ. ಮೊದಲು ಸ್ವಲ್ಪ ತೆಳ್ಳಗಾಗುತ್ತದೆ, ಕುಡಿಯಿರಿ. ಸರಿ ಮಾಡಲು ಎದ್ದು ಹೋಗಬೇಡಿ.

ಸುಮ್ನೆ ಕೂತರೆ ಮಿದುಳು ಸುಮ್ನಿರುತ್ತದೆ ಅನ್ನುವುದೂ ನಿಜ ಅಲ್ಲ. ನಮ್ಮ ತೂಕದಲ್ಲಿ ಮಿದುಳು ಸುಮಾರು ಶೇಕಡಾ 2, ಆದರೆ ದೇಹ ವಿಶ್ರಾಂತಿಯಲ್ಲಿದ್ದಾಗಲೂ ಶಕ್ತಿಯಲ್ಲಿ ಸುಮಾರು ಶೇಕಡಾ 20 ಅದೇ ಬಳಸಿಕೊಳ್ಳುತ್ತದೆ. ಕೈಯಲ್ಲಿ ಕೆಲಸ ಇಲ್ಲದಾಗ ಅದು ಹಳೆಯದನ್ನು ನೆನೆಯುತ್ತದೆ, ಮುಂದಿನದನ್ನು ಯೋಚಿಸುತ್ತದೆ, ಚದುರಿದ್ದನ್ನು ಜೋಡಿಸುತ್ತದೆ.

ವಿಶ್ರಾಂತಿ ಅಂದರೆ ಸೋಮಾರಿತನ ಅಂತ ನಮ್ಮ ರೈತರು ಯಾವತ್ತೂ ಅಂದುಕೊಂಡವರಲ್ಲ. ಸೋಮವಾರ ಬಸವಣ್ಣನ ವಾರ ಅಂತ ಎಷ್ಟೋ ಊರುಗಳಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ತುಳುನಾಡಿನಲ್ಲಿ ಫೆಬ್ರವರಿಯ ಹೊತ್ತಿಗೆ ಕೆಡ್ಡಸ ಅಂತ ಮೂರು ದಿನದ ಆಚರಣೆ ಇದೆ. ಭೂಮಿತಾಯಿ ಮುಟ್ಟಾಗಿದ್ದಾಳೆ ಅನ್ನುವ ನಂಬಿಕೆ. ಆ ದಿನಗಳಲ್ಲಿ ನೆಲ ಅಗೆಯುವುದಿಲ್ಲ, ಉಳುವುದಿಲ್ಲ, ಮರ ಕಡಿಯುವುದಿಲ್ಲ. ಕೊನೆಯ ದಿನ ತುಳಸಿಕಟ್ಟೆಯ ಹತ್ತಿರ ನೆಲಕ್ಕೆ ಎಣ್ಣೆ, ಅರಿಸಿನ, ಸೀಗೆ ಇಟ್ಟು ಭೂಮಿಗೆ ಸ್ನಾನ ಮಾಡಿಸುತ್ತಾರೆ. ಹುರಿದ ಅಕ್ಕಿಯ ಪುಡಿಗೆ ಬೆಲ್ಲ, ಕಾಯಿ ಸೇರಿಸಿದ ತಿಂಡಿ ಹಂಚುತ್ತಾರೆ. ವಿಶ್ರಾಂತಿ ಕೊಟ್ಟ ನೆಲವೇ ಮುಂದೆ ಬೆಳೆ ಕೊಡುತ್ತದೆ ಅಂತ ಅವರಿಗೆ ಗೊತ್ತಿತ್ತು. ನಿಮ್ಮ ತಾರಸಿಯಲ್ಲೂ ಇದನ್ನೇ ಮಾಡಿ. ಮಾರ್ಚ್‌ನಿಂದ ಮೇವರೆಗೆ ಸೊಪ್ಪಿನ ಕುಂಡಗಳನ್ನು ಖಾಲಿ ಬಿಡಿ, ಮೇಲೆ ಒಣ ಎಲೆ ಹೊದಿಸಿ, ಆಗಾಗ ನೀರು ಚಿಮುಕಿಸಿ. ಕರಿಬೇವಿಗೆ ಮಾತ್ರ ನೆರಳು, ನೀರು.

ನಿಮಗೆ ಹೇಗೆ ಅಂದರೆ: ಮಧ್ಯಾಹ್ನ ಎರಡರಿಂದ ಮೂರು ನಿಮ್ಮ ಹೊತ್ತು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ. ಊಟ ಆದಮೇಲೆ ಜೊಂಪು ಹತ್ತುವುದು ದೇಹದ ಸಹಜ ಗುಣ. ಇಪ್ಪತ್ತರಿಂದ ಮೂವತ್ತು ನಿಮಿಷ ಮಲಗಿ, ಮೂರು ಗಂಟೆಯೊಳಗೆ ಎದ್ದುಬಿಡಿ. ಒಂದೂವರೆ ಎರಡು ಗಂಟೆ ಮಲಗಿದರೆ ತಲೆ ಭಾರ ಆಗುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ನಿದ್ದೆ ಬರದಿದ್ದರೆ ಕಣ್ಣು ಮುಚ್ಚಿಕೊಂಡು ಬಿದ್ದುಕೊಂಡಿರಿ, ಅದೂ ವಿಶ್ರಾಂತಿಯೇ. ಫೋನ್ ಮಾತ್ರ ಬೇರೆ ರೂಮಿನಲ್ಲಿರಲಿ. ರೀಲ್ಸ್ ನೋಡುತ್ತಾ ಮಲಗುವುದು ಕಣ್ಣಿಗೂ ಮನಸ್ಸಿಗೂ ಇನ್ನೊಂದು ಪ್ಯಾಕೇಜ್ ಟೂರು. ಮೊದಲ ಕೆಲವು ವಾರ ಕದ್ದ ಹಾಗೆ ಅನಿಸಿಯೇ ಅನಿಸುತ್ತದೆ. ಅನಿಸಲಿ, ಮಲಗಿ. ದಿನಾ ಅದೇ ಹೊತ್ತಿಗೆ ಆಗುತ್ತಾ ಹೋದರೆ ಮನೆಯವರಿಗೂ, ನಿಮಗೂ ಅದು ರೂಢಿಯಾಗುತ್ತದೆ.

ಒಂದು ಎಚ್ಚರಿಕೆ. ಮಕ್ಕಳು ಪ್ರೀತಿಯಿಂದ ಕೈತೋಟದ ಕಿಟ್ಟು, ಹನಿ ನೀರಾವರಿ, ಯೂಟ್ಯೂಬ್ ಚಾನೆಲ್ಲು ಅಂತ ಶುರು ಮಾಡಬಹುದು. ‘ಅಮ್ಮ, ನಲವತ್ತು ತರಕಾರಿ ಬೆಳೆಯೋಣ’ ಅನ್ನಬಹುದು. ಒಂದು ವರ್ಷ ಬೇಡ ಅನ್ನಿ. ಮತ್ತೆ ಟಾರ್ಗೆಟ್ಟು, ಮತ್ತೆ ಇನ್‌ಸ್ಪೆಕ್ಷನ್ನು ನಿಮಗೆ ಬೇಕಾಗಿಲ್ಲ. ಮುಂದಿನ ಮಳೆಗಾಲಕ್ಕೆ ನಾಲ್ಕನೇ ಗಿಡ ತರಬೇಕು ಅಂತ ನಿಮಗೇ ಅನಿಸಿದರೆ ತನ್ನಿ.

ಕೊನೆಗೆ ಮಗಳ ರಾಜಸ್ಥಾನ. ಬೇಡ ಅನ್ನಬೇಡಿ, ಅವಳು ಪ್ರೀತಿಯಿಂದ ಕೇಳುತ್ತಿದ್ದಾಳೆ. ‘ಒಂದೇ ಊರಿಗೆ ಕಳಿಸು, ಆರು ದಿನ’ ಅನ್ನಿ. ಜೋಧಪುರ ಒಳ್ಳೆಯ ಆಯ್ಕೆ. ಬೆಂಗಳೂರಿನಿಂದ ಹುಬ್ಬಳ್ಳಿ ಮೇಲೆ ಹೋಗುವ ರೈಲಿದೆ. ದಾರಿ ಉದ್ದ, ಆದರೆ ಕೆಂಪು ಮಣ್ಣು, ಎರೆನೆಲ, ಆಮೇಲೆ ಮರಳು ಹೀಗೆ ನೆಲ ಬದಲಾಗುವುದನ್ನು ಕಿಟಕಿಯಲ್ಲಿ ನೋಡುತ್ತಾ ಹೋಗಬಹುದು. ನಿಮಗೂ ಅವರಿಗೂ ಲೋವರ್ ಬರ್ತ್ ಕೋಟಾ ಇದೆ, ಟಿಕೆಟ್ ತೆಗೆಯುವಾಗ ಕೇಳಲು ಹೇಳಿ. ಮೆಹ್ರಾನ್‌ಗಢ ಕೋಟೆಗೆ ಒಂದು ಇಡೀ ದಿನ ಕೊಡಿ. ಹಳೆಯ ಊರಿನಲ್ಲಿ, ಗಡಿಯಾರದ ಗೋಪುರದ ಸಂತೆಗೆ ನಡೆದು ಹೋಗುವಷ್ಟು ಹತ್ತಿರ ಇರುವ ಮನೆಯಂಥ ಲಾಡ್ಜ್ ನೋಡಲಿ. ತೂರ್ಜಿ ಕಾ ಝಾಲರಾ ಅನ್ನುವ ಮೆಟ್ಟಿಲು ಬಾವಿಯ ಹತ್ತಿರ ಬೆಳಿಗ್ಗೆ ಹೋಗಿ ಕೂತುಕೊಳ್ಳಿ, ಮರುದಿನವೂ ಹೋಗಿ. ಜೈಸಲ್ಮೇರ್, ಉದಯಪುರ, ಜೈಪುರ ಈ ಸಲ ಬಿಟ್ಟುಬಿಡಿ. ಮಧ್ಯಾಹ್ನ ಎರಡರಿಂದ ಮೂರು ಅಲ್ಲೂ ಮಲಗಿ. ಹೊರಡುವ ಮೊದಲು ಕರಿಬೇವಿಗೆ ನೀರು ಹಾಕಲು ಬಸಳೆ ಕಡ್ಡಿ ಕೊಟ್ಟವರ ಮನೆಯಲ್ಲೇ ಹೇಳಿ ಹೋಗಿ.